ಶರತ್ಕಾಲದ ಒಂದು ಶನಿವಾರ: ಪೇಟೆ ಕೆಲಸ, ಹಿತ್ತಲ ಕೆಲಸ ಎರಡನ್ನೂ ಹಗುರಾಗಿ ಮುಗಿಸುವ ಬಗೆ

ಶರತ್ಕಾಲ ಅಂದ ಕೂಡಲೇ ಫೋನಿನ ವಾಲ್‌ಪೇಪರಿನಲ್ಲಿ ಬರುವ ಕೆಂಪು-ಹಳದಿ ಎಲೆಗಳನ್ನು ಮರೆತುಬಿಡಿ. ಮಲೆನಾಡಿನಲ್ಲಿ ಮರಗಳು ಎಲೆ ಉದುರಿಸುವುದು ಪುಷ್ಯ-ಮಾಘದಲ್ಲಿ. ಆಶ್ವಯುಜ-ಕಾರ್ತೀಕದ ನಮ್ಮ ಶರದೃತುವಿನ ಗುರುತುಗಳೇ ಬೇರೆ. ನಾಲ್ಕು ತಿಂಗಳಿಂದ ಕಾಣದಿದ್ದ ನೀಲಿ ಆಕಾಶ, ಬೆಳಿಗ್ಗೆ ಹುಲ್ಲಿನ ಮೇಲೆ ಇಬ್ಬನಿ, ಹನ್ನೊಂದು ಗಂಟೆಗೆ ನೆತ್ತಿ ಸುಡುವ ಬಿಸಿಲು, ಮೂರರ ನಂತರ ಘಟ್ಟದ ಕಡೆಯಿಂದ ಕವಿದು ಬರುವ ಗುಡುಗು ಮಳೆ. ನೈಋತ್ಯ ಮಾನ್ಸೂನ್ ಸಾಮಾನ್ಯವಾಗಿ ಅಕ್ಟೋಬರ್ ಮಧ್ಯದ ಹೊತ್ತಿಗೆ ರಾಜ್ಯದಿಂದ ಹಿಂದೆ ಸರಿಯುತ್ತದೆ, ಅದರ ಬೆನ್ನಿಗೇ ಹಿಂಗಾರು. ಪಂಚಾಂಗ ನೋಡುವವರಿಗೆ ಇದು ಚಿತ್ತಾ, ಸ್ವಾತಿ ಮಳೆಯ ಕಾಲ.

ಮನೆಯ ಸುತ್ತ ಅಂಗೈಯಗಲ ಜಾಗ ಇರುವವರಿಗೂ ಈ ಮೂರ್ನಾಲ್ಕು ವಾರ ಬೆಲೆಬಾಳುವಂಥವು. ಮಣ್ಣು ಇನ್ನೂ ಮೆತ್ತಗಿರುತ್ತದೆ, ಆದರೆ ಕೆಸರಲ್ಲ. ಕಳೆಯ ಬುಡ ಹಿಡಿದು ಎಳೆದರೆ ಬೇರುಸಮೇತ ಬರುತ್ತದೆ. ನವೆಂಬರ್ ಕೊನೆಗೆ ಅದೇ ಜಂಬಿಟ್ಟಿಗೆ ನೆಲಕ್ಕೆ ಹಾರೆ ಹಾಕಿದರೂ ಠಣ್ ಅನ್ನುತ್ತದೆ. ಅತ್ತ ಅಡಿಕೆ ಕೊಯ್ಲು ಶುರುವಾದರೆ ಆಳು ಹುಡುಕುವುದೂ ಕಷ್ಟ. ಹಾಗಾಗಿ ದಸರಾ ಮತ್ತು ದೀಪಾವಳಿಯ ನಡುವಿನ ಒಂದು ಶನಿವಾರವನ್ನು ಇದಕ್ಕೆಂದೇ ಎತ್ತಿಡಿ. ಬೆಂಗಳೂರಿನಿಂದ ಹಬ್ಬಕ್ಕೆ ಬಂದು ಫೋನು ಹಿಡಿದು ಸೋಫಾದಲ್ಲಿ ಕೂರುವ ಮಕ್ಕಳಿದ್ದರಂತೂ ಇನ್ನೂ ಒಳ್ಳೆಯದು.

ಒಂದೇ ಒಂದು ತತ್ವ ಇಟ್ಟುಕೊಳ್ಳಿ: ಯಾವ ಕೆಲಸ ಯಾವಾಗ ಅನ್ನುವುದನ್ನು ಗಡಿಯಾರ ಹೇಳುವುದು ಬೇಡ, ಬಿಸಿಲು ಮತ್ತು ಮೋಡ ಹೇಳಲಿ. ಕೆಲಸ ಅಷ್ಟೇ ಇದ್ದರೂ, ಸರದಿ ಸರಿಯಾದರೆ ಸುಸ್ತು ಅರ್ಧಕ್ಕೆ ಇಳಿಯುತ್ತದೆ.

ಯಾವ ಶನಿವಾರ, ಎಷ್ಟು ಕೆಲಸ

ಪೇಟೆಯಲ್ಲಿ ಬ್ಯಾಂಕ್ ಕೆಲಸ ಇದ್ದರೆ ಎರಡನೆಯ, ನಾಲ್ಕನೆಯ ಶನಿವಾರ ಬೇಡ. 2015ರಿಂದ ಆ ಎರಡು ದಿನ ಬ್ಯಾಂಕಿಗೆ ರಜೆ ಅನ್ನುವುದು ಎಲ್ಲರಿಗೂ ಗೊತ್ತು, ಬಾಗಿಲ ಮುಂದೆ ನಿಂತಾಗ ಮಾತ್ರ ನೆನಪಾಗುತ್ತದೆ. ಒಂದನೆಯದೋ ಮೂರನೆಯದೋ ಆರಿಸಿಕೊಳ್ಳಿ.

ಹಿಂದಿನ ಸಂಜೆ ಚೀಟಿ ಬರೆಯಿರಿ. ಪೇಟೆಯದು ನಾಲ್ಕು, ಹಿತ್ತಲಿನದು ಮೂರು, ಅಷ್ಟಕ್ಕೇ ನಿಲ್ಲಿಸಿ. ಹತ್ತು ಬರೆದು ಆರು ಮುಗಿಸಿದವರಿಗೆ ರಾತ್ರಿ ಉಳಿದ ನಾಲ್ಕೇ ಕಣ್ಣಿಗೆ ಬರುತ್ತವೆ. ಚೀಟಿಯನ್ನು ಅಂಗಡಿಗಳ ದಾರಿಯ ಕ್ರಮದಲ್ಲಿ ಬರೆಯಬೇಕು. ಹಿಟ್ಟಿನ ಗಿರಣಿಗೆ ಮೊದಲು ಡಬ್ಬಿ ಕೊಟ್ಟು, ಬ್ಯಾಂಕ್ ಮುಗಿಸಿ, ವಾಪಸು ಬರುವಾಗ ಹಿಟ್ಟು ಎತ್ತಿಕೊಳ್ಳುವ ಹಾಗೆ. ಗೋಧಿ, ರಾಗಿ ಎರಡನ್ನೂ ಒಯ್ಯುವುದಾದರೆ ಡಬ್ಬಿಯ ಮೇಲೆ ಹೆಸರು ಬರೆದಿಡಿ. ಹಬ್ಬದ ಹತ್ತಿರ ಗಿರಣಿಯಲ್ಲಿ ಒಂದೇ ಬಣ್ಣದ ಸ್ಟೀಲ್ ಡಬ್ಬಿಗಳ ಸಂತೆಯೇ ಇರುತ್ತದೆ.

ಮೆಂತ್ಯ ಬಿತ್ತುವ ಯೋಚನೆ ಇದ್ದರೆ ಒಂದು ಹಿಡಿಯನ್ನು ಅದೇ ರಾತ್ರಿ ನೆನೆಹಾಕಿ. ಒಡೆದ ಕೊತ್ತಂಬರಿ ಬೀಜವನ್ನೂ ಬೇರೆ ಬಟ್ಟಲಲ್ಲಿ ನೆನೆಸಿಡಿ. ಕೊತ್ತಂಬರಿಯ ಒಂದು ಕಾಳಿನೊಳಗೆ ಎರಡು ಬೀಜ ಇರುತ್ತವೆ. ಚಪ್ಪಲಿಯ ಅಡಿಯಲ್ಲಿ ಹಗುರವಾಗಿ ಉಜ್ಜಿ ಎರಡು ಹೋಳು ಮಾಡಿ, ಪುಡಿ ಮಾಡಬೇಡಿ.

ಬೆಳಿಗ್ಗೆ: ಇಬ್ಬನಿ ಆರುವಷ್ಟರಲ್ಲಿ ಪೇಟೆ

ಬೆಳಿಗ್ಗೆ ಎದ್ದವರೇ ಹಿತ್ತಲಿಗೆ ಇಳಿಯುವುದು ಸಾಮಾನ್ಯ ಉಮೇದು. ಆಗ ಹುಲ್ಲೆಲ್ಲ ಒದ್ದೆ. ಕತ್ತಿ ಜಾರುತ್ತದೆ, ದರಗು (ಉದುರಿದ ಒಣ ಎಲೆ) ಹಿಡಿಸೂಡಿಗೆ ಮೆತ್ತಿಕೊಳ್ಳುತ್ತದೆ, ಸೀರೆಯ ಅಂಚೋ ಪ್ಯಾಂಟಿನ ಕಾಲೋ ಮೊಣಕಾಲವರೆಗೆ ತೊಯ್ಯುತ್ತದೆ. ಆ ಹೊತ್ತನ್ನು ಪೇಟೆಗೆ ಕೊಡಿ. ತಿಂಡಿ ಮುಗಿಸಿ ಒಂಬತ್ತಕ್ಕೆ ಹೊರಟರೆ ಹನ್ನೊಂದಕ್ಕೆ ಮನೆ.

ಗಿರಣಿಗೆ ಡಬ್ಬಿ ಕೊಟ್ಟ ಮೇಲೆ ಮುಂದಿನ ನಿಲುಗಡೆ ಕುಲುಮೆ. ಮಳೆಗಾಲದುದ್ದಕ್ಕೂ ಕೊಟ್ಟಿಗೆಯ ಮೂಲೆಯಲ್ಲಿ ಬಿದ್ದ ಕತ್ತಿ, ಕುಡುಗೋಲು ತುಕ್ಕು ಹಿಡಿದಿರುತ್ತವೆ. ಮೊಂಡು ಕತ್ತಿಯಲ್ಲಿ ಕೆಲಸ ಮಾಡಿದರೆ ಭುಜ ನೋಯುತ್ತದೆ, ಏಟು ಜಾರಿ ಕೈ ಕುಯ್ಯುವುದೂ ಮೊಂಡು ಕತ್ತಿಯೇ. ನಮ್ಮೂರ ಆಚಾರ್ರು ಅಲಗನ್ನು ಬಿಸಿಲಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡುತ್ತಾರೆ, ಹೆಬ್ಬೆರಳನ್ನು ಅಡ್ಡಕ್ಕೆ ಸವರುತ್ತಾರೆ, ಆಮೇಲೆ "ಇದ್ರಲ್ಲಿ ತೆಂಗಿನಕಾಯಿ ಸುಲಿದ್ರಾ ಅಮ್ಮಾ?" ಅಂತ ಕೇಳುತ್ತಾರೆ. ಹೌದು ಅನ್ನದೆ ಬೇರೆ ದಾರಿ ಇರುವುದಿಲ್ಲ. ಸಾಣೆ ಹಿಡಿಯುವ ಹೊತ್ತಿಗೆ ಹಿಡಿ ಸಡಿಲಾಗಿದೆಯಾ ಅಂತಲೂ ನೋಡಿಸಿ. ಬಡಿಗೆಯ ತುದಿಯಲ್ಲಿ ಗುದ್ದಲಿ ಅಲ್ಲಾಡುತ್ತಿದ್ದರೆ ಅಲ್ಲೇ ಆಪು ಹೊಡೆಸಿಕೊಂಡು ಬನ್ನಿ.

ಬ್ಯಾಂಕಿನಲ್ಲಿ ಪಾಸ್‌ಬುಕ್ ಎಂಟ್ರಿ ಮಾಡಿಸಿ ಬಂದರಾಯಿತು. ಮನೆಯಲ್ಲಿ ಪಿಂಚಣಿ ಪಡೆಯುವ ಹಿರಿಯರಿದ್ದರೆ ಮಾತ್ರ ಇನ್ನೊಂದು ಮಾತು. ಜೀವಿತ ಪ್ರಮಾಣಪತ್ರ ಕೊಡುವ ತಿಂಗಳು ನವೆಂಬರ್. ಕೇಂದ್ರ ಸರ್ಕಾರದ ಪಿಂಚಣಿದಾರರಲ್ಲಿ 80 ದಾಟಿದವರು ಅಕ್ಟೋಬರ್ 1ರಿಂದಲೇ ಕೊಡಬಹುದು. ಈಗ ಮೊಬೈಲಿನಲ್ಲಿ ಮುಖ ತೋರಿಸಿಯೂ ಇದು ಆಗುತ್ತದೆ. ಅಜ್ಜನನ್ನು ಆಟೋದಲ್ಲಿ ಕೂರಿಸಿಕೊಂಡು ಹೋಗಿ ಸಾಲಿನಲ್ಲಿ ನಿಲ್ಲಿಸುವ ಮೊದಲು ಬ್ಯಾಂಕಿನವರನ್ನು ಕೇಳಿಬನ್ನಿ.

ಉಳಿದದ್ದು ಕೊಳ್ಳುವ ಕೆಲಸ. ಸುಣ್ಣ, ಬ್ಲೀಚಿಂಗ್ ಪೌಡರ್, ರಬ್ಬರ್ ಕೈಗವಸು, ಮೂಲಂಗಿ ಮತ್ತು ಹರಿವೆ ಬೀಜ. ಬೀಜದ ಪೊಟ್ಟಣದ ಹಿಂದೆ ತಿಂಗಳು-ವರ್ಷ ನೋಡಿಯೇ ತೆಗೆದುಕೊಳ್ಳಿ. ಹಳೆಯ ಬೀಜ ಅರ್ಧ ಹುಟ್ಟುತ್ತದೆ, ಅರ್ಧ ಹುಟ್ಟುವುದಿಲ್ಲ, ಮಡಿಯಲ್ಲಿ ಹಲ್ಲು ಉದುರಿದ ಬಾಯಿ ಉಳಿಯುತ್ತದೆ. ಬರುವ ದಾರಿಯಲ್ಲಿ ಅರ್ಧ ಸೇರು ಮಂಡಕ್ಕಿ ತರುವುದನ್ನು ಮರೆಯಬೇಡಿ, ಸಂಜೆಗೆ ಬೇಕು.

ಪೇಟೆಯಲ್ಲಿ ಸಿಕ್ಕವರ ಜೊತೆ ನಿಂತು ಮಾತಾಡುವುದಕ್ಕೂ ಸಮಯ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ಕೊಡೆಯಡಿ ತಲೆ ಬಗ್ಗಿಸಿ ಓಡಿದವರೇ ಎಲ್ಲರೂ. "ಕೊಳೆ ಎಷ್ಟು ಹೋಯ್ತು ನಿಮ್ಮಲ್ಲಿ?" ಅಂತ ಅಡಿಕೆಯ ಕೊಳೆರೋಗದ ವಿಷಯ ಶುರುವಾದರೆ ಹತ್ತು ನಿಮಿಷ ಹೋಗುತ್ತದೆ, ಹೋಗಲಿ.

ಹನ್ನೊಂದರಿಂದ ಊಟದವರೆಗೆ: ಅಂಗಳ

ಈಗ ಇಬ್ಬನಿ ಆರಿದೆ, ಬಿಸಿಲು ಏರಿದೆ. ಬಿಸಿಲಿನಲ್ಲೇ ಆಗಬೇಕಾದ ಕೆಲಸ ಒಂದಿದೆ, ಹಾವಸೆ ತೆಗೆಯುವುದು. ಇದನ್ನು ಸಂಜೆಗೆ ಇಟ್ಟರೆ ತೊಳೆದ ನೆಲ ರಾತ್ರಿಯಿಡೀ ಒದ್ದೆಯಾಗೇ ಇದ್ದು ಮತ್ತೆ ಜಾರುತ್ತದೆ.

ಮಣ್ಣಿನ ಅಂಗಳವಾದರೆ ಮಳೆಗಾಲಕ್ಕೆ ಹೊದೆಸಿದ ಅಡಿಕೆ ಸೋಗೆ ಮೊದಲು ಏಳಬೇಕು. ಕೈ ಹಾಕಿ ಎತ್ತಬೇಡಿ. ಉದ್ದ ಕೋಲಿನಿಂದ ಒಂದು ಬದಿ ಮೇಲೆತ್ತಿ, ಸ್ವಲ್ಪ ಹೊತ್ತು ಬಿಟ್ಟು ನೋಡಿ. ಅಡಿಯಲ್ಲಿ ಚೇಳು, ಮರಿಹಾವು ತಂಪಿಗೆ ಮಲಗಿರುವುದುಂಟು. ಕೊಳಕುಮಂಡಲ ದರಗಿನ ಬಣ್ಣದಲ್ಲೇ ಇರುತ್ತದೆ, ಕಣ್ಣಿಗೆ ಸಿಗುವುದಿಲ್ಲ. ಮೊಣಕಾಲೆತ್ತರದ ಗಂಬೂಟು ಹಾಕಿದ್ದರೆ ಅರ್ಧ ಭಯ ಹೋದಂತೆ. ಯಾರಿಗಾದರೂ ಕಚ್ಚಿದರೆ ಕಟ್ಟು ಕಟ್ಟುವುದು, ಕೊಯ್ಯುವುದು ಬೇಡ. ಕಚ್ಚಿದ ಕಾಲನ್ನು ಅಲ್ಲಾಡಿಸದೆ, ಅವರನ್ನು ನಡೆಸದೆ, ನೇರ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಔಷಧಿ ಇರುವುದು ಅಲ್ಲಿ.

ಎದ್ದ ಸೋಗೆ ಅರ್ಧ ಕೊಳೆತಿರುತ್ತದೆ. ಅದನ್ನು ಸುಡಲು ಹೋಗಬೇಡಿ, ಮಲ್ಲಿಗೆ, ಬಾಳೆಯ ಬುಡಕ್ಕೆ ಹಾಸಿ. ಬೇಸಿಗೆಗೆ ತೇವ ಹಿಡಿದಿಡುತ್ತದೆ.

ನೆಲದ ಹಾವಸೆಯನ್ನು ಸಲಿಕೆಯ ಅಂಚಿನಿಂದ ಹೆರೆದು, ಮೇಲೆ ತೆಳ್ಳಗೆ ಸುಣ್ಣದ ಪುಡಿ ಚೆಲ್ಲಿದರೆ ಸಾಕು. ಸಿಮೆಂಟಿನ ಅಂಗಳವೋ ಬಾವಿಕಟ್ಟೆಯ ಸುತ್ತಲೋ ಆದರೆ ಒಂದು ಬಕೆಟ್ ನೀರಿಗೆ ಒಂದು ಮುಷ್ಟಿ ಬ್ಲೀಚಿಂಗ್ ಪೌಡರ್ ಕದಡಿ, ಹರಡಿ, ಕಾಲು ಗಂಟೆ ಬಿಟ್ಟು, ಗಟ್ಟಿ ಬ್ರಷ್‌ನಲ್ಲಿ ಉಜ್ಜಿ ತೊಳೆಯಿರಿ. ಬಾವಿಯ ಒಳಕ್ಕೆ, ಗಿಡದ ಬುಡಕ್ಕೆ ಆ ನೀರು ಹೋಗದಂತೆ ನೋಡಿಕೊಳ್ಳಿ. ಇದರ ಜೊತೆ ಆಸಿಡ್ ಅಥವಾ ಟಾಯ್ಲೆಟ್ ತೊಳೆಯುವ ದ್ರಾವಣವನ್ನು ಯಾವ ಕಾರಣಕ್ಕೂ ಬೆರೆಸಬೇಡಿ. ಬೆರೆತರೆ ಕ್ಲೋರಿನ್ ಅನಿಲ ಏಳುತ್ತದೆ, ಶ್ವಾಸಕೋಶವನ್ನೇ ಸುಡುತ್ತದೆ.

ಉಜ್ಜುವುದು ಬೇಸರದ ಕೆಲಸ ಅಂತ ಅನ್ನಿಸುವುದು ಮೊದಲ ಐದು ನಿಮಿಷ. ಆಮೇಲೆ ಕಪ್ಪು ನೆಲದ ಮಧ್ಯೆ ಒಂದು ಬಿಳಿ ಪಟ್ಟೆ ಕಾಣುತ್ತದೆ, ಅದರ ಪಕ್ಕ ಇನ್ನೊಂದು ಎಳೆಯುವ ಆಸೆ ತಾನಾಗಿ ಬರುತ್ತದೆ. ಮನೆಯ ಮಕ್ಕಳಿಗೆ ಒಪ್ಪಿಸಬೇಕಾದ ಕೆಲಸ ಇದೇ.

ನಡುವೆ ಒಂದು ಸುತ್ತು ಹಾಕಿ ನಿಂತ ನೀರನ್ನೆಲ್ಲ ಚೆಲ್ಲಿ. ತೆಂಗಿನ ಕರಟ, ಹಳೆ ಟಯರು, ಅಡಿಕೆ ಹಾಳೆ, ಮಾಡಿನ ನೀರು ಇಳಿಯುವ ದಂಬೆಯಲ್ಲಿ ಸಿಕ್ಕಿಕೊಂಡ ಎಲೆ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬಲಿಯುವುದಕ್ಕೆ ವಾರ, ಹತ್ತು ದಿನ ಸಾಕು. ಏಣಿ ಹತ್ತುವಾಗ ಕೆಳಗೆ ಹಿಡಿಯುವವರು ಒಬ್ಬರು ಇರಲೇಬೇಕು, ಒದ್ದೆ ಹಂಚಿನ ಮೇಲೆ ಕಾಲಿಡುವ ಸಾಹಸ ಬೇಡ.

ಊಟ: ಹಿತ್ತಲಿನಿಂದಲೇ

ಅಂಗಳದ ಅಂಚಿನಲ್ಲಿ, ಬಚ್ಚಲ ನೀರು ಹೋಗದ ಕಡೆ, ಒಂದೆಲಗ ಇದ್ದರೆ ಒಂದು ಹಿಡಿ ಕೊಯ್ಯಿರಿ. ಮಳೆ ಕಡಿಮೆಯಾದ ಈ ಹೊತ್ತಿನಲ್ಲಿ ಎಲೆ ಎಳೆಯದಾಗಿ, ದಪ್ಪವಾಗಿ ಇರುತ್ತದೆ. ಮೂರ್ನಾಲ್ಕು ನೀರಿನಲ್ಲಿ ತೊಳೆಯಿರಿ, ಬೇರಿನ ಸಂದಿಯಲ್ಲಿ ಮಣ್ಣು ಕೂತಿರುತ್ತದೆ. ಅರ್ಧ ಚಮಚ ಜೀರಿಗೆ, ನಾಲ್ಕೈದು ಕಾಳುಮೆಣಸನ್ನು ತುಪ್ಪದಲ್ಲಿ ಹುರಿದು, ಸೊಪ್ಪನ್ನು ಅದೇ ಬಿಸಿಗೆ ಬಾಡಿಸಿ, ಒಂದು ಹಿಡಿ ಕಾಯಿತುರಿಯ ಜೊತೆ ನುಣ್ಣಗೆ ರುಬ್ಬಿ. ಮಜ್ಜಿಗೆ, ಉಪ್ಪು ಸೇರಿಸಿ ಸಾಸಿವೆ ಒಗ್ಗರಣೆ ಕೊಟ್ಟರೆ ತಂಬುಳಿ. ಕುದಿಸಬಾರದು. ಬಿಸಿಲಿನಲ್ಲಿ ದುಡಿದು ಬಂದ ಹೊಟ್ಟೆಗೆ ಹುಳಿ, ಸಾರು ಏನೂ ಬೇಡ. ಬಿಸಿ ಅನ್ನ, ತಣ್ಣನೆ ತಂಬುಳಿ, ಒಂದು ಹಪ್ಪಳ.

ಊಟದ ನಂತರ ಒಂದು ಗಂಟೆ ಮಲಗಿ. ಹೊರಗೆ ಒಂದೂವರೆಯಿಂದ ಮೂರರವರೆಗಿನ ಬಿಸಿಲಿನಲ್ಲಿ ಮಾಡುವ ಕೆಲಸ ಏನೂ ಇಲ್ಲ.

ಮೂರರ ನಂತರ: ಹಿತ್ತಲು, ಒಂದು ಕಣ್ಣು ಮೋಡದ ಮೇಲೆ

ಹೊರಗೆ ಬಂದವರು ಮೊದಲು ಆಕಾಶ ನೋಡಿ. ಕಪ್ಪಾಗಿದ್ದರೆ ಬಿತ್ತನೆ ಬಿಟ್ಟು ಕಳೆ ಕೀಳಿ. ತಿಳಿಯಾಗಿದ್ದರೆ ಎರಡೂ ಆಗುತ್ತದೆ. ಗುಡುಗು ಕೇಳಿಸಿದರೆ ಎರಡೂ ಇಲ್ಲ, ಹಾರೆ ಅಲ್ಲೇ ಬಿಟ್ಟು ಒಳಗೆ ಬನ್ನಿ. ತೆಂಗಿನ ಮರದಡಿ ನಿಲ್ಲುವುದಂತೂ ಬೇಡವೇ ಬೇಡ.

ಕಳೆಯಲ್ಲಿ ಮೊದಲು ಕೈಹಾಕಬೇಕಾದ್ದು ಹೂ ಬಿಡುವ ಮೊದಲೇ ಕೀಳಬೇಕಾದವುಗಳಿಗೆ. ನಮ್ಮ ಕಡೆ ಕಮ್ಯುನಿಸ್ಟ್ ಗಿಡ ಅನ್ನುತ್ತಾರಲ್ಲ, ಅದು ನವೆಂಬರ್ ದಾಟಿದ ಮೇಲೆ ಹೂಬಿಟ್ಟು ಹತ್ತಿಯಂಥ ಬೀಜವನ್ನು ಗಾಳಿಗೆ ಬಿಡುತ್ತದೆ. ಈಗ ಕಡಿದರೆ ಒಳ್ಳೆಯ ಹಸಿರು ಗೊಬ್ಬರ, ಆಗ ಕಡಿದರೆ ಮುಂದಿನ ವರ್ಷಕ್ಕೆ ಬಿತ್ತನೆ. ಪಾರ್ಥೇನಿಯಂ ಕೀಳುವಾಗ ಕೈಗವಸು ಬೇಕೇ ಬೇಕು, ಕೆಲವರಿಗೆ ಅದು ತಗುಲಿದರೆ ಮೈಯೆಲ್ಲ ತುರಿಕೆ ಏಳುತ್ತದೆ. ನಾಚಿಕೆಮುಳ್ಳನ್ನು ಬುಡದಲ್ಲಿ ಗುದ್ದಲಿ ಹಾಕಿಯೇ ತೆಗೆಯಬೇಕು, ಎಳೆದರೆ ಕೈಗೆ ಮುಳ್ಳು, ನೆಲದಲ್ಲಿ ಬೇರು. ವೀಡ್ ಕಟರ್ ಬಾಡಿಗೆಗೆ ತಂದಿದ್ದರೆ ಕಣ್ಣಿಗೆ ಕನ್ನಡಕ ಹಾಕಿ, ನಾಯಿ-ಮಕ್ಕಳನ್ನು ದೂರ ಕಳಿಸಿ, ಅದರ ದಾರ ಕಲ್ಲನ್ನು ಗುಂಡಿನಂತೆ ಹಾರಿಸುತ್ತದೆ. ಯಂತ್ರದ ಸದ್ದಿನಲ್ಲಿ ಹಿತ್ತಲ ಕೆಲಸದ ಸುಖವೆಲ್ಲ ಹೋಗುತ್ತದೆ ಅನ್ನುವುದು ನನ್ನ ಅಭಿಪ್ರಾಯ. ಐದು ಗುಂಟೆಗಿಂತ ಕಡಿಮೆ ಇದ್ದರೆ ಕುಡುಗೋಲೇ ಸಾಕು.

ಕಿತ್ತದ್ದನ್ನು ಗುಡ್ಡೆ ಹಾಕಲು ಮೂಲೆಯಲ್ಲಿ ಮೂರಡಿ ಅಗಲ, ಮೂರಡಿ ಉದ್ದ ಜಾಗ ಮಾಡಿ. ಎರಡು ಬುಟ್ಟಿ ದರಗು, ಒಂದು ಬುಟ್ಟಿ ಹಸಿ ಕಳೆ, ಮೇಲೆ ಸಗಣಿ ನೀರು, ಮತ್ತೆ ದರಗು. ಬೀಜ ಕಟ್ಟಿದ ಕಳೆ ಮಾತ್ರ ಇದಕ್ಕೆ ಬೇಡ. ಹಲಸಿನ, ಮಾವಿನ ಎಲೆ ದಪ್ಪ, ಕರಗಲು ತಡ, ಕತ್ತಿಯಲ್ಲಿ ಕೊಚ್ಚಿ ಹಾಕಿ. ಒಂದು ಹಿಡಿ ತೆಗೆದು ಹಿಂಡಿದಾಗ ಕೈ ಒದ್ದೆಯಾಗಬೇಕು, ನೀರು ಸುರಿಯಬಾರದು. ಮೊಣಕಾಲು ದಾಟಿ ಸೊಂಟದೆತ್ತರ ಆದರೆ ಒಳಗೆ ಬಿಸಿ ಹುಟ್ಟುತ್ತದೆ. ಮೇಲೆ ಸೋಗೆ ಮುಚ್ಚಿ, ತಿಂಗಳಿಗೊಮ್ಮೆ ಮಗುಚಿದರೆ ಬೇಸಿಗೆಯ ಹೊತ್ತಿಗೆ ಗೊಬ್ಬರ. ದರಗು ಸಾಲದು ಅಂತ ಕಾಡಿನಿಂದ ಹೊತ್ತು ತರುವ ರೂಢಿ ಇರುವವರು ಕೊಂಚ ಎಚ್ಚರ. ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ. ಅದನ್ನು ಹರಡುವ ಉಣ್ಣೆ (ಉಣುಗು) ಇರುವುದು ಕಾಡಿನ ಇಂಥ ದರಗಿನಲ್ಲೇ, ಅದರ ಕಾಲ ಇನ್ನು ಶುರುವಾಗುತ್ತದೆ.

ಬಿತ್ತನೆಗೆ ಜಾಸ್ತಿ ಜಾಗ ಬೇಡ. ಒಂದು ಮಂಚದಷ್ಟು ಮಡಿ ಸಾಕು, ಗೇಣೆತ್ತರ ಏರಿಸಿ, ಹಿಂಗಾರು ಮಳೆಗೆ ನೀರು ನಿಲ್ಲದಂತೆ. ರಾತ್ರಿ ನೆನೆದ ಮೆಂತ್ಯ ಒಂದು ಕಡೆ, ಕೊತ್ತಂಬರಿ ಇನ್ನೊಂದು ಕಡೆ, ನಡುವೆ ಮೂಲಂಗಿ ಸಾಲು. ಮೆಂತ್ಯ ಮೂರ್ನಾಲ್ಕು ದಿನಕ್ಕೆ ತಲೆ ಎತ್ತುತ್ತದೆ, ತಿಂಗಳೊಳಗೆ ಅಡುಗೆಮನೆಗೆ ಬರುತ್ತದೆ. ಮೂಲಂಗಿಗೆ ಒಂದೂವರೆ ತಿಂಗಳು. ಕೊತ್ತಂಬರಿ ಹತ್ತು ದಿನ ಸುಮ್ಮನಿದ್ದು ತಾಳ್ಮೆ ಪರೀಕ್ಷಿಸುತ್ತದೆ, ಕೆದಕಿ ನೋಡಬೇಡಿ. ಬಿತ್ತಿದ ಮೇಲೆ ಎರಡು ತೆಂಗಿನ ಗರಿ ಮುಚ್ಚಿ. ಮಳೆ ಬಿದ್ದರೂ ಬೀಜ ಕೊಚ್ಚಿಹೋಗುವುದಿಲ್ಲ, ಕೋಳಿ ಕೆದಕುವುದಿಲ್ಲ. ಮೊಳಕೆ ಕಂಡ ದಿನ ಗರಿ ತೆಗೆಯಿರಿ.

ಡೇರೆ ಗೆಡ್ಡೆ

ಚೀಟಿಯಲ್ಲಿ ಎರಡೇ ಕೆಲಸಕ್ಕೆ ಸಮಯ ಇದ್ದರೆ, ನನ್ನ ಪ್ರಕಾರ ಅದರಲ್ಲಿ ಒಂದು ಡೇರೆ (ಡಾಲಿಯಾ) ಹೂವಿನ ಗಿಡದ್ದೇ ಆಗಬೇಕು. ಮಳೆಗಾಲವಿಡೀ ತಟ್ಟೆಯಗಲ ಹೂ ಕೊಟ್ಟ ಗಿಡ ಈಗ ಬಾಗಿ, ಎಲೆ ಹಳದಿಯಾಗಿ ನಿಂತಿರುತ್ತದೆ. ಇನ್ನೂ ಹಸಿರಾಗಿದ್ದರೆ ಮುಟ್ಟಬೇಡಿ, ಗೆಡ್ಡೆ ಬಲಿಯುತ್ತಿದೆ ಅಂತ ಅರ್ಥ. ಪೂರ್ತಿ ಬಾಡಿದ್ದನ್ನು ಗೇಣುದ್ದ ಕಾಂಡ ಉಳಿಸಿ ಕತ್ತರಿಸಿ. ಬುಡದಿಂದ ಒಂದು ಅಡಿ ದೂರದಲ್ಲಿ ಸುತ್ತ ಹಾರೆ ಹಾಕಿ, ಮಣ್ಣನ್ನು ಅಡಿಯಿಂದ ಮೀಟಿ, ಇಡೀ ಗೊಂಚಲನ್ನು ಎರಡು ಕೈಯಲ್ಲಿ ಎತ್ತಿ. ಕಾಂಡ ಹಿಡಿದು ಎಳೆಯಬಾರದು. ಗೆಡ್ಡೆಗೂ ಕಾಂಡಕ್ಕೂ ನಡುವೆ ಒಂದು ಸಣ್ಣ ಕುತ್ತಿಗೆ ಇರುತ್ತದೆ, ಚಿಗುರಿನ ಕಣ್ಣು ಅದರ ಮೇಲೆ, ಕಾಂಡದ ಬುಡದಲ್ಲಿ. ಕುತ್ತಿಗೆ ಮುರಿದ ಗೆಡ್ಡೆ ಎಷ್ಟೇ ದಪ್ಪವಿದ್ದರೂ ಮಣ್ಣಿನಲ್ಲಿಟ್ಟರೆ ಕೊಳೆಯುತ್ತದೆ, ಚಿಗುರುವುದಿಲ್ಲ.

ಮಣ್ಣು ಕೊಡವಿ, ನೆರಳಿನಲ್ಲಿ ಎರಡು ಮೂರು ದಿನ ಆರಿಸಿ, ಒಣ ಮರಳೋ ಬೂದಿಯೋ ತುಂಬಿದ ಬುಟ್ಟಿಯಲ್ಲಿ ಹೂತು ಅಟ್ಟಕ್ಕೆ ಏರಿಸಿ. ಹೂವಿನ ಬಣ್ಣ ನೆನಪಿರುತ್ತದೆ ಅಂತ ನಂಬಬೇಡಿ, ಆಯಾ ಬಣ್ಣದ ಬಟ್ಟೆಯ ಚೂರನ್ನು ಕಾಂಡಕ್ಕೆ ಕಟ್ಟಿ. ಗೆಡ್ಡೆ ಎತ್ತುವ ಸುದ್ದಿ ಬೇಲಿಯಾಚೆ ಹೇಗೋ ಹೋಗಿರುತ್ತದೆ. "ಅಕ್ಕಾ, ಆ ಬಿಳಿ ಅಂಚಿನ ಕೆಂಪಿನದು ನಂಗೊಂದು ಇಡಿ, ನನ್ನ ಹತ್ರ ಹಳದಿ ಉಂಟು" ಅಂತ ಪಕ್ಕದ ಮನೆಯವರು ಬರುತ್ತಾರೆ. ಕೊಡಿ. ನಿಮ್ಮದು ಕೊಳೆತರೆ ಮುಂದಿನ ಜೂನ್‌ನಲ್ಲಿ ಕೇಳಲು ಒಂದು ಮನೆ ಇರುತ್ತದೆ. ಮಾತು ಮುಗಿಯುವಷ್ಟರಲ್ಲಿ ಮಂಡಕ್ಕಿಗೆ ಈರುಳ್ಳಿ, ಹಸಿಮೆಣಸು, ಕೊಬ್ಬರಿ ಎಣ್ಣೆ ಕಲಸಿ ಟೀ ಇಟ್ಟಿರಿ.

ಕತ್ತಲಾಗುವ ಮೊದಲು

ಸಲಕರಣೆ ತೊಳೆದು, ಒರೆಸಿ, ಅಲಗಿಗೆ ಒಂದು ಹನಿ ಎಣ್ಣೆ ಸವರಿ. ಕೈಗವಸನ್ನು ಒಳಹೊರಗು ಮಾಡಿ ಒಣಗಿಸಿ. ಗಂಬೂಟನ್ನು ತಲೆಕೆಳಗಾಗಿ ನಿಲ್ಲಿಸಿ, ನಾಳೆ ಹಾಕುವ ಮೊದಲು ಕೊಡವಿ.

ಹಂಡೆಯ ಒಲೆಗೆ ತೆಂಗಿನ ಸಿಪ್ಪೆ, ಒಣ ಮಡಲು ಹಾಕಿ, ಬೀಜದ ಪೊಟ್ಟಣ, ಹಾಲಿನ ಕವರು ಬೇಡ. ನೀರು ಸುಡುವಷ್ಟು ಕಾಯಲಿ. ಸ್ನಾನಕ್ಕೆ ಮುಂಚೆ ಮೊಣಕಾಲ ಹಿಂದೆ, ಕಂಕುಳು, ಸೊಂಟದ ಪಟ್ಟಿಯ ಸಾಲಿನಲ್ಲಿ ಉಣ್ಣೆ ಇದೆಯೇ ನೋಡಿಕೊಳ್ಳಿ, ಬಟ್ಟೆಯನ್ನು ನೇರ ಬಿಸಿನೀರಿಗೆ ಹಾಕಿ. ಕಾಲಿನಲ್ಲಿ ಗಾಯ ಇದ್ದವರು ನಿಂತ ನೀರಿನಲ್ಲಿ ಓಡಾಡಿದ್ದರೆ ಸೋಪು ಹಚ್ಚಿ ತೊಳೆಯಿರಿ. ಮುಂದಿನ ಎರಡು ವಾರದಲ್ಲಿ ಜ್ವರ ಬಂದರೆ ಹಿತ್ತಲ ಕೆಲಸ ಮಾಡಿದ್ದನ್ನು ವೈದ್ಯರಿಗೆ ಹೇಳಿ, ಇಲಿಜ್ವರ ಬರುವುದು ಇದೇ ದಾರಿಯಲ್ಲಿ. ಆಮೇಲೆ ನಾಲ್ಕು ಚೊಂಬು ಬಿಸಿನೀರು ಸೊಂಟದ ಮೇಲೆ ಸುರಿದುಕೊಳ್ಳಿ. ಬೆನ್ನು ನೋಯುವುದು ಹೇಗೂ ನಾಳೆ ಬೆಳಿಗ್ಗೆ.